ಖಾತೆಗೆ ಅಂಟಿಸಿದ ಚೀಟಿ: ಆನ್‌ಲೈನ್ ಖಾತೆ ಮಾರುಕಟ್ಟೆಯ ಗುಣಮಟ್ಟದ ಲೇಬಲ್‌ಗಳನ್ನು ಓದುವುದು ಹೇಗೆ?

ಆಟದ ಖಾತೆಗಳನ್ನು ಕೊಂಡು ಮಾರುವ ಯಾವುದೇ ಜಾಲತಾಣವನ್ನು ತೆರೆದರೂ ಬೆಲೆಗಿಂತ ಮೊದಲು ಕಣ್ಣಿಗೆ ಬೀಳುವುದು ಬೆಲೆಯ ಸುತ್ತ ಅಂಟಿಕೊಂಡಿರುವ ಸಣ್ಣ ಸಣ್ಣ ಬಣ್ಣದ ಪಟ್ಟಿಗಳು. ‘ಫುಲ್ ಆಕ್ಸೆಸ್’, ‘ಫಸ್ಟ್ ಓನರ್’, ‘ಒರಿಜಿನಲ್ ಇಮೇಲ್ ಸಹಿತ’, ‘ವೆರಿಫೈಡ್ ಸೆಲ್ಲರ್’, ‘24 ಗಂಟೆಯ ವಾರಂಟಿ’ ಎಂಬ ಈ ಬರಹಗಳೇ ಅಲ್ಲಿನ ಗುಣಮಟ್ಟದ ಲೇಬಲ್‌ಗಳು. ಹುಬ್ಬಳ್ಳಿಯ ಒಬ್ಬ ಪಿಯುಸಿ ವಿದ್ಯಾರ್ಥಿ ತಿಂಗಳುಗಟ್ಟಲೆ ಕೂಡಿಟ್ಟ ಮೂರು ಸಾವಿರ ರೂಪಾಯಿಯನ್ನು ಇಂಥ ಒಂದು ಖಾತೆಗೆ ಸುರಿಯಲು ಹೊರಟಿದ್ದಾನೆ ಎಂದಿಟ್ಟುಕೊಳ್ಳೋಣ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಲು ಅಲ್ಲಿ ವಸ್ತುವಿಲ್ಲ, ಮಾತಾಡಿಸಿ ಅಂದಾಜು ಮಾಡಲು ಅಂಗಡಿಯವನ ಮುಖವಿಲ್ಲ. ನಾಲ್ಕು ಸ್ಕ್ರೀನ್‌ಶಾಟ್‌ಗಳು ಮತ್ತು ಈ ಲೇಬಲ್‌ಗಳು, ಇಷ್ಟನ್ನೇ ನಂಬಿ ಅವನು ದುಡ್ಡು ಕಳುಹಿಸಬೇಕು. ಹಾಗಿರುವಾಗ ಒಂದೊಂದು ಲೇಬಲ್ಲೂ ನಿಜವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು, ಅದು ಸುಳ್ಳಾದರೆ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲಿಗೆ, ಇಲ್ಲಿ ಮಾರಾಟವಾಗುತ್ತಿರುವ ಸರಕಿನ ಸ್ವಭಾವವನ್ನೇ ತಿಳಿದುಕೊಳ್ಳಬೇಕು. ಹಳೆಯ ಸೈಕಲ್ಲನ್ನು ಕೊಂಡರೆ ಸೈಕಲ್ ನಮ್ಮ ಮನೆಗೆ ಬರುತ್ತದೆ, ಮಾರಿದವನ ಕೈ ಅದರ ಮೇಲಿಂದ ಹೋಗುತ್ತದೆ. ಖಾತೆಯ ವಿಷಯದಲ್ಲಿ ಹಾಗಾಗುವುದಿಲ್ಲ. ಖಾತೆ ಎಂದರೆ ಕಂಪನಿಯೊಂದರ ಸರ್ವರ್‌ನಲ್ಲಿರುವ ಒಂದು ದಾಖಲೆ, ಮತ್ತು ಅದನ್ನು ಬಳಸಲು ಕಂಪನಿ ಒಬ್ಬ ವ್ಯಕ್ತಿಗೆ ಕೊಟ್ಟಿರುವ ಅನುಮತಿ. ಆ ಅನುಮತಿಯನ್ನು ಇನ್ನೊಬ್ಬರಿಗೆ ದಾಟಿಸುವುದನ್ನು ಬಹುತೇಕ ಕಂಪನಿಗಳು ಒಪ್ಪುವುದಿಲ್ಲ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ತಾಣದ ಚಂದಾದಾರರ ಒಪ್ಪಂದವಾಗಲಿ, ಕ್ಲಾಶ್ ಆಫ್ ಕ್ಲಾನ್ಸ್ ಆಟವನ್ನು ರೂಪಿಸಿದ ಸೂಪರ್‌ಸೆಲ್‌ನ ಸೇವಾ ನಿಯಮಗಳಾಗಲಿ ಖಾತೆಯ ಮಾರಾಟವನ್ನು ನಿಚ್ಚಳವಾಗಿ ನಿಷೇಧಿಸಿವೆ. ಆದ್ದರಿಂದ ಕೊಳ್ಳುವವನ ಕೈಗೆ ಬರುವುದು ಲಾಗಿನ್ ಹೆಸರು, ಪಾಸ್‌ವರ್ಡ್ ಮತ್ತು ‘ನಾನು ಹಿಂದಿರುಗಿ ಬಂದು ಕೇಳುವುದಿಲ್ಲ’ ಎಂಬ ಮಾರಾಟಗಾರನ ಮಾತು, ಇಷ್ಟೇ. ಈ ಮಾರುಕಟ್ಟೆಯ ಎಲ್ಲ ಲೇಬಲ್‌ಗಳೂ ಕೊನೆಗೆ ಆ ಮಾತಿಗೆ ಎಷ್ಟು ಬೆಲೆ ಕೊಡಬಹುದು ಎಂಬುದನ್ನು ಹೇಳಲು ಹೆಣಗುತ್ತವೆ.

ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಾಗ ಮಾರುಕಟ್ಟೆಗೆ ಏನಾಗುತ್ತದೆ ಎಂಬುದನ್ನು 1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸಲಾಗದ ಗ್ರಾಹಕ ಎಲ್ಲಕ್ಕೂ ನಡುವಿನ ಬೆಲೆಯನ್ನು ಮಾತ್ರ ಕೊಡಲು ಸಿದ್ಧನಿರುತ್ತಾನೆ. ಆ ಬೆಲೆ ಒಳ್ಳೆಯ ಕಾರಿನ ಒಡೆಯನಿಗೆ ಗಿಟ್ಟುವುದಿಲ್ಲವಾದ್ದರಿಂದ ಅವನು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾನೆ. ಉಳಿದ ಸರಕಿನ ಸರಾಸರಿ ಗುಣಮಟ್ಟ ಮತ್ತಷ್ಟು ಕುಸಿಯುತ್ತದೆ, ಅದರೊಂದಿಗೆ ಬೆಲೆಯೂ ಕುಸಿಯುತ್ತದೆ. ಅಕರ್ಲಾಫ್ 1967–68ರಲ್ಲಿ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದವರು. ಅಕ್ಕಿಯದೇ ಬಣ್ಣ, ಅಕ್ಕಿಯದೇ ಆಕಾರದ ಕಲ್ಲುಗಳನ್ನು ಬೇಕೆಂದೇ ಬೆರೆಸಿದ ಅಕ್ಕಿಯನ್ನು ಭಾರತದ ಗೃಹಿಣಿಯರು ಜತನದಿಂದ ಆರಿಸಬೇಕಾಗುತ್ತದೆ ಎಂಬ ಮಾತು ಅವರ ಆ ಪ್ರಬಂಧದಲ್ಲೇ ಬರುತ್ತದೆ. ಮೊರ ಹಿಡಿದು ಕೂತವರಿಗೆ ಈ ಸಿದ್ಧಾಂತದ ಅರ್ಧ ಭಾಗ ಆಗಲೇ ಗೊತ್ತಿರುತ್ತದೆ. ಖಾತೆ ಮಾರುಕಟ್ಟೆಯ ಕಷ್ಟವೇನೆಂದರೆ ಇಲ್ಲಿ ಕೇರಿ ನೋಡಲು ಮೊರವಿಲ್ಲ. ಕಲ್ಲು ಸಿಕ್ಕುವುದು ಅನ್ನ ಬಾಯಿಗೆ ಇಟ್ಟ ಮೇಲೆಯೇ. ಮೊರದ ಕೆಲಸವನ್ನು ಲೇಬಲ್ ಮಾಡಬೇಕು ಎಂಬುದು ನಿರೀಕ್ಷೆ.

ಆದರೆ ಲೇಬಲ್‌ಗಳೆಲ್ಲ ಒಂದೇ ಜಾತಿಯವಲ್ಲ. ಅತ್ಯಂತ ಅಗ್ಗವಾದದ್ದು ಮಾರಾಟಗಾರ ತಾನೇ ಬರೆದುಕೊಂಡ ಲೇಬಲ್. ‘ಅಪ್ಪಟ’, ‘ಪ್ರೀಮಿಯಂ’, ‘ನೂರಕ್ಕೆ ನೂರು ಸುರಕ್ಷಿತ’ ಎಂದು ಬರೆಯಲು ಯಾರಿಗೂ ಒಂದು ಪೈಸೆ ಖರ್ಚಾಗುವುದಿಲ್ಲ. ಇಂಥ ಹೇಳಿಕೆಗಳನ್ನು ಜನ ನಂಬುತ್ತಾರೆಯೇ ಎಂಬುದನ್ನು ಪರೀಕ್ಷಿಸಲು ಜಿಂಜರ್ ಜಿನ್ ಮತ್ತು ಆಂಡ್ರ್ಯೂ ಕಾಟೋ ಎಂಬ ಸಂಶೋಧಕರು ಈಬೇ ತಾಣದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಸಂಗ್ರಹಯೋಗ್ಯ ಕಾರ್ಡುಗಳನ್ನು ತಾವೇ ಕೊಂಡು, ಅವನ್ನು ವೃತ್ತಿಪರರಿಂದ ದರ್ಜೆ ಕಟ್ಟಿಸಿದರು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನ ಕಂಡುಕೊಂಡದ್ದು ಇದು: ಮಾರಾಟಗಾರರು ತಾವೇ ಅತ್ಯುನ್ನತ ದರ್ಜೆಯೆಂದು ಹೇಳಿಕೊಂಡ ಕಾರ್ಡುಗಳಿಗೆ ಗ್ರಾಹಕರು ಹೆಚ್ಚು ಹಣ ಕೊಟ್ಟರು, ಆದರೆ ಅವರಿಗೆ ಸಿಕ್ಕ ಕಾರ್ಡುಗಳ ಗುಣಮಟ್ಟ ಹೆಚ್ಚಿರಲಿಲ್ಲ, ಮೋಸ ಹೋದ ಪ್ರಸಂಗಗಳು ಮಾತ್ರ ಹೆಚ್ಚಿದ್ದವು. ಖರ್ಚಿಲ್ಲದ ಹೊಗಳಿಕೆಯನ್ನು ಎಲ್ಲರಿಗಿಂತ ಧಾರಾಳವಾಗಿ ಬಳಸುವವನು ಕಳಪೆ ಸರಕು ಇಟ್ಟುಕೊಂಡವನೇ. ಆದ್ದರಿಂದ ಯಾವುದೇ ಪಟ್ಟಿಯ ಮೇಲಿನ ಲೇಬಲ್ಲನ್ನು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ, ಇದನ್ನು ಅಂಟಿಸಿದವರು ಯಾರು ಎಂಬುದು. ಮಾರಾಟಗಾರ ಬರೆದದ್ದನ್ನೂ ಮಾರುಕಟ್ಟೆಯವರು ಪರೀಕ್ಷಿಸಿ ಹಾಕಿದ್ದನ್ನೂ ಒಂದೇ ಬಣ್ಣದಲ್ಲಿ, ಒಂದೇ ಅಕ್ಷರದಲ್ಲಿ ತೋರಿಸುವ ತಾಣವು ಗ್ರಾಹಕರಿಗೆ ಅನ್ಯಾಯ ಮಾಡುತ್ತಿದೆ ಎಂದೇ ನಾನು ಭಾವಿಸುತ್ತೇನೆ.

ಎರಡನೆಯ ಬಗೆಯದು ಯಂತ್ರ ಪರೀಕ್ಷಿಸಿ ಹಾಕುವ ಲೇಬಲ್. ಖಾತೆಯ ಮಟ್ಟ ಎಷ್ಟು, ಅದರಲ್ಲಿ ಯಾವ ಯಾವ ಸ್ಕಿನ್‌ಗಳಿವೆ (ಆಟದ ಪಾತ್ರ, ಆಯುಧಗಳ ಅಲಂಕಾರಗಳು), ಯಾವ ಆಟಗಳನ್ನು ಕೊಳ್ಳಲಾಗಿದೆ, ಕೊನೆಯ ಬಾರಿ ಯಾವಾಗ ಬಳಕೆಯಾಯಿತು, ಸದ್ಯ ನಿರ್ಬಂಧಕ್ಕೆ ಒಳಗಾಗಿದೆಯೇ, ಇಮೇಲ್ ಮತ್ತು ಫೋನ್ ಸಂಖ್ಯೆ ಜೋಡಣೆಯಾಗಿವೆಯೇ ಎಂಬಂಥ ಸಂಗತಿಗಳನ್ನು ಖಾತೆಯೊಳಕ್ಕೆ ಹೋಗಿ ಓದಬಹುದು. ಇದು ನಿಜಕ್ಕೂ ಉಪಯುಕ್ತ ಮಾಹಿತಿ, ಸ್ಕ್ರೀನ್‌ಶಾಟ್ ತಿದ್ದಿ ತೋರಿಸುವವರ ಆಟ ಇದರ ಮುಂದೆ ನಡೆಯುವುದಿಲ್ಲ. ಆದರೂ ಇದಕ್ಕೆ ಎರಡು ಮಿತಿಗಳಿವೆ. ಒಂದು, ಪರೀಕ್ಷೆ ನಡೆದ ಗಳಿಗೆಗೆ ಮಾತ್ರ ಅದು ಸತ್ಯ. ಬೆಳಿಗ್ಗೆ ನಿರ್ಬಂಧವಿಲ್ಲದ ಖಾತೆ ಸಂಜೆಗೆ ಮುಚ್ಚಿಹೋಗಿರಬಹುದು. ಆದ್ದರಿಂದ ಪರೀಕ್ಷೆಯ ದಿನಾಂಕ ಮತ್ತು ಸಮಯವಿಲ್ಲದ ‘ಪರೀಕ್ಷಿತ’ ಎಂಬ ಲೇಬಲ್, ತಯಾರಾದ ತಾರೀಖಿಲ್ಲದ ಔಷಧದ ಬಾಟಲಿಯಿದ್ದಂತೆ. ಇನ್ನೊಂದು, ಯಂತ್ರ ಖಾತೆಯ ಒಳಗಿರುವುದನ್ನು ಓದಬಲ್ಲದೇ ಹೊರತು ಖಾತೆ ಎಲ್ಲಿಂದ ಬಂತು ಎಂಬುದನ್ನು ಓದಲಾರದು. ಕೊಳ್ಳುವವನಿಗೆ ಹೆಚ್ಚು ಮುಖ್ಯವಾದ ಪ್ರಶ್ನೆಯೇ ಎಲ್ಲಿಂದ ಬಂತು ಎಂಬುದು.

ಈ ಮೂಲದ ಪ್ರಶ್ನೆಯ ಬಳಿ ಸ್ವಲ್ಪ ನಿಲ್ಲಬೇಕು. ‘ಫಸ್ಟ್ ಓನರ್’ ಎಂಬ ಮಾತು ಖಾತೆ ಮಾರುಕಟ್ಟೆಗೆ ಬಂದದ್ದು ಹಳೆಯ ವಾಹನಗಳ ಮಾರುಕಟ್ಟೆಯ ಭಾಷೆಯಿಂದ, ಆದರೆ ಮಾತು ಬಂದಿತೇ ಹೊರತು ಅದರ ಬೆನ್ನಿಗಿದ್ದ ವ್ಯವಸ್ಥೆ ಬರಲಿಲ್ಲ. ಕಾರೊಂದನ್ನು ‘ಮೊದಲನೇ ಮಾಲೀಕರದು’ ಎಂದು ಯಾರಾದರೂ ಹೇಳಿದರೆ ನಾವು ಆರ್‌ಸಿ ತೆಗೆದು ನೋಡುತ್ತೇವೆ, ಆರ್‌ಟಿಓ ದಾಖಲೆಯನ್ನು ಪರಿಶೀಲಿಸುತ್ತೇವೆ. ಮಾರಾಟ ಮುಗಿಯಬೇಕಾದರೆ ನಮೂನೆ 29 ಮತ್ತು 30ಕ್ಕೆ ಸಹಿ ಬೀಳಬೇಕು, ಹೆಸರು ಬದಲಾಗಬೇಕು. ಸರ್ಕಾರಿ ದಾಖಲೆಯೊಂದು ಆ ಎರಡು ಪದಗಳಿಗೆ ಸಾಕ್ಷಿಯಾಗಿ ನಿಂತಿರುತ್ತದೆ. ಖಾತೆಗೆ ಆರ್‌ಸಿ ಇಲ್ಲ. ಯಾರು ಮೊದಲ ಒಡೆಯ ಎಂಬುದು ಗೊತ್ತಿರುವುದು ಆಟದ ಕಂಪನಿಗೆ ಮಾತ್ರ, ಅದೋ ಈ ಮಾರಾಟವನ್ನೇ ಒಪ್ಪದ ಪಕ್ಷ.

ಆ ಕಂಪನಿ ತನ್ನ ಮೊದಲ ಗ್ರಾಹಕನನ್ನು ಗುರುತಿಸುವ ರೀತಿಯಲ್ಲೇ ಕೊಳ್ಳುವವನಿಗೆ ದೊಡ್ಡ ಅಪಾಯ ಅಡಗಿದೆ. ‘ನನ್ನ ಖಾತೆ ಕಳೆದುಹೋಗಿದೆ, ಮರಳಿ ಕೊಡಿ’ ಎಂದು ಯಾರಾದರೂ ಸಹಾಯ ವಿಭಾಗಕ್ಕೆ ಬರೆದರೆ, ಖಾತೆ ತೆರೆದಾಗ ಕೊಟ್ಟ ಇಮೇಲ್ ಯಾವುದು, ಹಣ ಕೊಟ್ಟ ರಸೀದಿ ಇದೆಯೇ, ಹಿಂದಿನ ಪಾಸ್‌ವರ್ಡ್ ಏನು ಎಂಬಂಥ ಪುರಾವೆಗಳನ್ನು ಕಂಪನಿ ಕೇಳುತ್ತದೆ. ಇವೆಲ್ಲ ಮಾರಿದವನ ಬಳಿಯೇ ಉಳಿದಿರುತ್ತವೆ. ಹೀಗಾಗಿ ಹಣ ಜೇಬಿಗೆ ಇಳಿಸಿಕೊಂಡವನು ಎರಡು ವಾರದ ನಂತರ ಒಂದು ಪತ್ರ ಬರೆದು ಅದೇ ಖಾತೆಯನ್ನು ಹಿಂದಕ್ಕೆ ಎಳೆದುಕೊಳ್ಳಬಹುದು, ಮತ್ತೊಬ್ಬನಿಗೆ ಮಾರಲೂಬಹುದು. ‘ಒರಿಜಿನಲ್ ಇಮೇಲ್ ಸಹಿತ’ ಎಂಬ ಲೇಬಲ್‌ಗೆ ಬೆಲೆ ಬಂದಿರುವುದು ಇದೇ ಕಾರಣಕ್ಕೆ: ಮೊದಲ ಇಮೇಲ್ ಕೊಳ್ಳುವವನ ಕೈಗೆ ಬಂದರೆ ಹಿಂದಕ್ಕೆ ಎಳೆಯುವ ಹಗ್ಗದ ಒಂದು ಎಳೆಯಾದರೂ ಕತ್ತರಿಸಿದಂತಾಗುತ್ತದೆ. ಆದರೆ ಆ ಇಮೇಲ್‌ಗೂ ಒಂದು ಮರುಪಡೆಯುವ ಫೋನ್ ಸಂಖ್ಯೆ ಇರುತ್ತದೆ, ಆ ಸಂಖ್ಯೆಗೆ ಬರುವ ಒಟಿಪಿ ಇನ್ನೂ ಮಾರಾಟಗಾರನ ಮೊಬೈಲಿಗೇ ಹೋಗುತ್ತಿರಬಹುದು. ಖರೀದಿಯ ರಸೀದಿಗಳಂತೂ ಅವನ ಕಾರ್ಡಿನ ಹೆಸರಿನಲ್ಲೇ ಇರುತ್ತವೆ. ‘ಫುಲ್ ಆಕ್ಸೆಸ್’ ಎಂಬ ಎರಡು ಪದಗಳ ಹಿಂದೆ ಇಷ್ಟೊಂದು ಕೊಂಡಿಗಳ ಸರಪಳಿ ಇದೆ. ಯಾವ ಕೊಂಡಿ ಕೈ ಬದಲಾಗಿದೆ, ಯಾವುದು ಆಗಿಲ್ಲ ಎಂದು ಒಂದೊಂದಾಗಿ ಬರೆದ ಲೇಬಲ್ ಮಾತ್ರ ಓದುಗನಿಗೆ ಉಪಯೋಗಕ್ಕೆ ಬಂದೀತು.

ಕೆಲವು ಮಾರುಕಟ್ಟೆಗಳು ಇನ್ನೂ ಮುಂದೆ ಹೋಗಿ ಖಾತೆಯ ಮೂಲವನ್ನೇ ಲೇಬಲ್ ಆಗಿ ಬರೆಯುತ್ತವೆ. ಸ್ವಂತದ್ದು, ಮರುಮಾರಾಟದ್ದು, ಯಂತ್ರದಿಂದ ಸಾಲುಸಾಲಾಗಿ ತೆರೆದದ್ದು ಎಂಬುವು ಒಂದು ಬಗೆಯಾದರೆ, ಪಾಸ್‌ವರ್ಡ್ ಊಹಿಸಿ ಅಥವಾ ವಂಚಿಸಿ ಕಸಿದುಕೊಂಡದ್ದು ಎಂಬುದನ್ನು ಸೂಚಿಸುವ ಸಂಕೇತಪದಗಳೂ ಅಲ್ಲಿ ಕಾಣಿಸಿಕೊಳ್ಳುತ್ತವೆ. ಅಂಥ ಲೇಬಲ್ಲನ್ನು ‘ಪ್ರಾಮಾಣಿಕ ಮಾಹಿತಿ’ ಎಂದು ಒಪ್ಪಿಕೊಳ್ಳಲು ನನ್ನ ಮನಸ್ಸು ಎಂದಿಗೂ ಒಪ್ಪದು. ಅದು ಬೇರೊಬ್ಬರ ಮನೆಯಿಂದ ಕದ್ದ ಸಾಮಾನಿನ ಮೇಲೆ ‘ಕದ್ದದ್ದು’ ಎಂದು ಚೀಟಿ ಹಚ್ಚಿ ರಿಯಾಯಿತಿಯಲ್ಲಿ ಮಾರುವುದು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 66ಸಿ ಪ್ರಕಾರ ಇನ್ನೊಬ್ಬರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸುವುದು ಮೂರು ವರ್ಷದವರೆಗಿನ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಮಾಡುವ ಅಪರಾಧ; ಕದ್ದ ಕಂಪ್ಯೂಟರ್ ಸಂಪನ್ಮೂಲವನ್ನು ಗೊತ್ತಿದ್ದೂ ಅಪ್ರಾಮಾಣಿಕವಾಗಿ ಪಡೆಯುವವರಿಗೆ ಕಲಂ 66ಬಿ ಇದೆ. ಲೇಬಲ್ಲನ್ನು ಓದಿ, ಅರ್ಥ ಮಾಡಿಕೊಂಡು ಕೊಂಡವನು ‘ನನಗೆ ಗೊತ್ತಿರಲಿಲ್ಲ’ ಎಂದು ಹೇಳುವುದು ಕಷ್ಟ. ಸರಕು ಮಾರಾಟ ಕಾಯ್ದೆ, 1930ರ ಕಲಂ 27ರಲ್ಲಿರುವ ಹಳೆಯ ತತ್ತ್ವವನ್ನೂ ಇಲ್ಲಿ ನೆನೆಯಬಹುದು: ಮಾರಿದವನಿಗೆ ಇಲ್ಲದ ಹಕ್ಕು ಸಾಮಾನ್ಯವಾಗಿ ಕೊಂಡವನಿಗೂ ಬರುವುದಿಲ್ಲ.

ಯಂತ್ರದಿಂದ ತೆರೆದ ಖಾತೆಗಳ ಸಗಟು ವ್ಯಾಪಾರದ ಬಗ್ಗೆ ಒಂದು ಗಟ್ಟಿಯಾದ ಅಧ್ಯಯನವಿದೆ. 2013ರಲ್ಲಿ ಪ್ರಕಟವಾದ ಅದರಲ್ಲಿ ಸಂಶೋಧಕರು ಟ್ವಿಟರ್ ಖಾತೆಗಳನ್ನು ಮಾರುವ 27 ವ್ಯಾಪಾರಿಗಳನ್ನು ಹತ್ತು ತಿಂಗಳ ಕಾಲ ಗಮನಿಸಿ, ಸುಮಾರು 5,000 ಡಾಲರ್ ಖರ್ಚಿನಲ್ಲಿ 1,20,000ಕ್ಕೂ ಹೆಚ್ಚು ಖಾತೆಗಳನ್ನು ತಾವೇ ಕೊಂಡರು. ಆ ಖಾತೆಗಳ ಹೆಸರು ಕಟ್ಟುವ ರೀತಿ, ತೆರೆಯುವ ವೇಗ ಮುಂತಾದವುಗಳಲ್ಲಿ ಪ್ರತಿ ವ್ಯಾಪಾರಿಯದೂ ಒಂದೊಂದು ಗುರುತು ಇತ್ತು. ಅದನ್ನು ಹಿಡಿದು ಅದೇ ಅಚ್ಚಿನ ಲಕ್ಷಾಂತರ ಖಾತೆಗಳನ್ನು ಪತ್ತೆ ಹಚ್ಚಲಾಯಿತು, ಆ ವ್ಯಾಪಾರಿಗಳ ದಾಸ್ತಾನಿನ ಬಹುಪಾಲನ್ನು ಟ್ವಿಟರ್ ಒಮ್ಮೆಗೇ ಮುಚ್ಚಿಸಿತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತೇವಲ್ಲ, ಇಲ್ಲಿ ಕಂಪನಿಯೂ ಅದನ್ನೇ ಮಾಡುತ್ತದೆ: ಒಂದು ಅಗುಳಿನಿಂದ ಇಡೀ ಪಾತ್ರೆಯ ಗುಟ್ಟು ತಿಳಿಯುತ್ತದೆ. ಬಿಡಿಯಾಗಿ ಪರೀಕ್ಷಿಸಿದರೆ ಇಂಥ ಖಾತೆಯೂ ‘ಚಾಲ್ತಿಯಲ್ಲಿದೆ’ ಎಂಬ ಲೇಬಲ್‌ಗೆ ಅರ್ಹವೆನಿಸಬಹುದು, ಎಲ್ಲವೂ ಒಂದೇ ಪಾತ್ರೆಯಿಂದ ಬಂದವು ಎಂಬುದನ್ನು ಮಾತ್ರ ಆ ಲೇಬಲ್ ಹೇಳುವುದಿಲ್ಲ.

ಮೂರನೆಯದು ಖಾತೆಯ ಬದಲು ಮಾರಾಟಗಾರನಿಗೆ ಅಂಟುವ ಲೇಬಲ್. ‘ವೆರಿಫೈಡ್’ ಎಂಬ ಪದ ಇಲ್ಲಿ ಬಹಳ ಗೊಂದಲ ಮಾಡುತ್ತದೆ. ಗುರುತಿನ ಚೀಟಿ ತೋರಿಸಿದ್ದಾನೆಂದೇ? ಫೋನ್ ಸಂಖ್ಯೆ ಕೊಟ್ಟಿದ್ದಾನೆಂದೇ? ತಿಂಗಳ ಶುಲ್ಕ ಕಟ್ಟಿದ್ದಾನೆಂದೇ? ಅದೇ ಚಿಹ್ನೆ ಉಳಿದು ಅರ್ಥ ಮಾತ್ರ ಬದಲಾದರೆ ಏನಾಗುತ್ತದೆ ಎಂಬುದನ್ನು ಟ್ವಿಟರ್‌ನ ನೀಲಿ ಗುರುತು ಎಲ್ಲರ ಕಣ್ಣೆದುರೇ ತೋರಿಸಿತು. 2009ರಿಂದ ‘ಈ ವ್ಯಕ್ತಿ ನಿಜವಾಗಿಯೂ ಇವರೇ’ ಎಂದು ಹೇಳುತ್ತಿದ್ದ ಆ ಗುರುತು 2022ರ ನವೆಂಬರ್‌ನಲ್ಲಿ ತಿಂಗಳಿಗೆ 8 ಡಾಲರ್ ಕೊಟ್ಟವರಿಗೆಲ್ಲ ಸಿಗತೊಡಗಿತು. ಕೆಲವೇ ದಿನಗಳಲ್ಲಿ ಔಷಧ ಕಂಪನಿ ಇಲೈ ಲಿಲ್ಲಿಯ ಹೆಸರು ಹೊತ್ತ ನಕಲಿ ಖಾತೆಯೊಂದು ಅದೇ ಗುರುತಿನೊಂದಿಗೆ ‘ಇನ್ಸುಲಿನ್ ಇನ್ನು ಉಚಿತ’ ಎಂದು ಬರೆಯಿತು. ಆ ಸಂದೇಶದಿಂದ ದಾರಿತಪ್ಪಿದವರಲ್ಲಿ ಅಸಲಿ ಕಂಪನಿ ಕ್ಷಮೆ ಕೇಳಬೇಕಾಯಿತು. ಜನರ ಕಣ್ಣು ಹಳೆಯ ಅರ್ಥಕ್ಕೇ ಒಗ್ಗಿತ್ತು.

ಮುದ್ರೆ ಹಾಕುವವನು ಮುದ್ರೆಗೆ ಹಣ ಪಡೆಯುವುದರಲ್ಲಿ ಇನ್ನೂ ಆಳವಾದ ತೊಡಕಿದೆ. ಜಾಲತಾಣಗಳ ಖಾಸಗಿತನದ ಬಗ್ಗೆ ಪ್ರಮಾಣಪತ್ರ ಕೊಡುತ್ತಿದ್ದ ಟ್ರಸ್ಟ್‌ಈ ಎಂಬ ಸಂಸ್ಥೆಯ ಮುದ್ರೆಗಳನ್ನು ಬೆಂಜಮಿನ್ ಎಡೆಲ್ಮನ್ ಅಧ್ಯಯನ ಮಾಡಿದಾಗ, ಮುದ್ರೆ ಪಡೆದ ತಾಣಗಳು ನಂಬಿಕೆಗೆ ಅನರ್ಹವಾಗಿರುವ ಸಾಧ್ಯತೆ ಮುದ್ರೆಯಿಲ್ಲದ ತಾಣಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಎಂಬ ಫಲಿತಾಂಶ ಬಂತು. ಇದರಲ್ಲಿ ವಿಚಿತ್ರವೇನಿಲ್ಲ. ಹೆಸರಿರುವ ಅಂಗಡಿಗೆ ಮುದ್ರೆಯ ಹಂಗಿಲ್ಲ, ಅದು ತುರ್ತಾಗಿ ಬೇಕಾದವರು ಹೆಸರಿಲ್ಲದವರು. ಪರೀಕ್ಷೆ ಸಡಿಲವಿದ್ದರೆ ಅವರೇ ಸಾಲುಗಟ್ಟಿ ಬರುತ್ತಾರೆ. 2014ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಪ್ರತಿ ವರ್ಷ ಮರುಪರೀಕ್ಷೆ ಮಾಡುತ್ತೇವೆಂದು ಹೇಳಿಕೊಂಡ ಅದೇ ಸಂಸ್ಥೆ 2006ರಿಂದ 2013ರವರೆಗೆ ಸಾವಿರಕ್ಕೂ ಹೆಚ್ಚು ಪ್ರಸಂಗಗಳಲ್ಲಿ ಮರುಪರೀಕ್ಷೆಯನ್ನೇ ಮಾಡಿರಲಿಲ್ಲವೆಂದು ಆರೋಪಿಸಿತು, ಸಂಸ್ಥೆ ರಾಜಿ ಮಾಡಿಕೊಂಡಿತು. ಖಾತೆ ಮಾರುಕಟ್ಟೆಯಲ್ಲಿ ಪ್ರತಿ ಮಾರಾಟಕ್ಕೂ ಕಮಿಷನ್ ಪಡೆಯುವ ತಾಣವೇ ಲೇಬಲ್ ಹಂಚುವಾಗಲೂ ಇದೇ ಭಯವಿದೆ. ಹೆಚ್ಚು ಮಾರುವವನಿಗೆ ಹೊಳೆಯುವ ಲೇಬಲ್ ಕೊಡಲು ತಾಣಕ್ಕೆ ಕಾರಣವಿದೆ, ಅದನ್ನು ಕಿತ್ತುಕೊಳ್ಳಲು ಕಾರಣ ಕಡಿಮೆ.

ಇನ್ನು ನಕ್ಷತ್ರ, ಶೇಕಡಾವಾರು ರೇಟಿಂಗ್‌ಗಳ ಮಾತು. ಒಳ್ಳೆಯ ಹೆಸರಿಗೆ ಬೆಲೆಯಿದೆ ಎಂಬುದು ಸಾಬೀತಾದ ವಿಷಯ. ಪಾಲ್ ರೆಸ್ನಿಕ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಒಬ್ಬನೇ ವ್ಯಾಪಾರಿ ಒಂದೇ ಬಗೆಯ ಹಳೆಯ ಪೋಸ್ಟ್‌ಕಾರ್ಡುಗಳನ್ನು ತನ್ನ ಹೆಸರುವಾಸಿ ಗುರುತಿನಿಂದಲೂ ಹೊಸ ಗುರುತುಗಳಿಂದಲೂ ಈಬೇಯಲ್ಲಿ ಮಾರಿದಾಗ, ಹೆಸರುವಾಸಿ ಗುರುತಿಗೆ ಶೇ 8.1ರಷ್ಟು ಹೆಚ್ಚು ಬೆಲೆ ಬಂತು. ಆದರೆ ರೇಟಿಂಗ್‌ಗಳು ಹಿಗ್ಗಿಹೋಗುತ್ತವೆ. ಕ್ರಿಸ್ ನಾಸ್ಕೊ ಮತ್ತು ಸ್ಟೀವನ್ ಟಾಡೆಲಿಸ್ ಈಬೇಯ ದತ್ತಾಂಶವನ್ನು ನೋಡಿದಾಗ ಮಾರಾಟಗಾರರ ಸರಾಸರಿ ಮೆಚ್ಚುಗೆ ಶೇ 99ನ್ನು ದಾಟಿತ್ತು. ಎಲ್ಲರಿಗೂ 99 ಅಂಕ ಬಂದ ತರಗತಿಯಲ್ಲಿ ಅಂಕಪಟ್ಟಿಯಿಂದ ಯಾರನ್ನೂ ಗುರುತಿಸಲಾಗದು. ಅಸಮಾಧಾನಗೊಂಡ ಬಹಳಷ್ಟು ಜನ ಏನನ್ನೂ ಬರೆಯದೆ ಸುಮ್ಮನೆ ಹೊರಟುಹೋಗುತ್ತಾರೆ ಎಂದು ಕಂಡುಕೊಂಡ ಅವರು ಆ ಮೌನವನ್ನೂ ಎಣಿಕೆಗೆ ಸೇರಿಸಬೇಕೆಂದರು. ಖಾತೆ ಮಾರುಕಟ್ಟೆಯಲ್ಲಿ ಮೌನ ಇನ್ನೂ ದಟ್ಟವಾಗಿರುವುದು ಸಹಜ, ಏಕೆಂದರೆ ಮೋಸ ಹೋದೆ ಎಂದು ಬಹಿರಂಗವಾಗಿ ಹೇಳಿಕೊಳ್ಳುವವನು ತಾನೇ ಆಟದ ನಿಯಮ ಮುರಿದೆ ಎಂದೂ ಒಪ್ಪಿಕೊಂಡಂತಾಗುತ್ತದೆ. ಜೊತೆಗೆ ಸಮಯದ ಪ್ರಶ್ನೆಯಿದೆ. ರೇಟಿಂಗ್ ಕೇಳುವುದು ಲಾಗಿನ್ ಆದ ಗಳಿಗೆಯಲ್ಲಿ, ಖಾತೆ ಕೈಬಿಟ್ಟುಹೋಗುವುದು ವಾರಗಳ ನಂತರ. ಐದು ನಕ್ಷತ್ರ ಕೊಟ್ಟು ಎರಡನೇ ವಾರಕ್ಕೆ ಖಾತೆ ಕಳೆದುಕೊಂಡವನ ನಕ್ಷತ್ರಗಳು ಅಲ್ಲಿಯೇ ಹೊಳೆಯುತ್ತಿರುತ್ತವೆ.

ಹಾಗಾದರೆ ನಂಬಬಹುದಾದ ಲೇಬಲ್ ಯಾವುದು? ಅಕರ್ಲಾಫ್‌ರೊಂದಿಗೆ 2001ರ ನೊಬೆಲ್ ಹಂಚಿಕೊಂಡ ಮೈಕೆಲ್ ಸ್ಪೆನ್ಸ್ ಅವರ ವಿಚಾರ ಇಲ್ಲಿ ದಾರಿ ತೋರಿಸುತ್ತದೆ: ಒಂದು ಸಂಕೇತ ನಂಬಿಕೆಗೆ ಅರ್ಹವಾಗಬೇಕಾದರೆ ಅದನ್ನು ತೋರಿಸುವುದು ಒಳ್ಳೆಯವನಿಗೆ ಸುಲಭವಾಗಿದ್ದು ಕೆಟ್ಟವನಿಗೆ ದುಬಾರಿಯಾಗಿರಬೇಕು. ಈ ಅಳತೆಗೋಲಿನಿಂದ ನೋಡಿದರೆ ‘ಹಣ 30 ದಿನ ತಾಣದ ಬಳಿಯೇ ಇರುತ್ತದೆ’ ಎಂಬ ಒಣ ವಾಕ್ಯ ‘ಪ್ರೀಮಿಯಂ’, ‘ವೆರಿಫೈಡ್’ ಎಂಬ ಪದಗಳೆಲ್ಲಕ್ಕಿಂತ ಗಟ್ಟಿಯಾದ ಲೇಬಲ್. ಎಸ್ಕ್ರೋ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಪ್ರಾಮಾಣಿಕ ಮಾರಾಟಗಾರನಿಗೆ ಆಗುವ ತೊಂದರೆ ಒಂದು ತಿಂಗಳ ಕಾಯುವಿಕೆ ಮಾತ್ರ. ಖಾತೆಯನ್ನು ಹಿಂದಕ್ಕೆ ಎಳೆದುಕೊಳ್ಳುವ ಉದ್ದೇಶದವನಿಗೆ ಆಗುವುದು ಪೂರ್ತಿ ನಷ್ಟ. ಅದೇ ತರ್ಕದಿಂದ ‘24 ಗಂಟೆಯ ವಾರಂಟಿ’ ಎಷ್ಟು ಟೊಳ್ಳು ಎಂಬುದೂ ತಿಳಿಯುತ್ತದೆ, ಏಕೆಂದರೆ ಮೋಸಗಾರ 25ನೇ ಗಂಟೆಯವರೆಗೆ ಕಾದರೆ ಆಯಿತು. ಅವಧಿಯನ್ನು ಎಷ್ಟು ಬೇಕಾದರೂ ಹಿಗ್ಗಿಸಲು ಬರುವುದಿಲ್ಲ ಎಂಬುದೂ ನಿಜ. ಖಾತೆ ಬಳಸಿ ಮುಗಿಸಿದ ಮೇಲೆ ಸುಳ್ಳು ದೂರು ಕೊಟ್ಟು ಹಣ ವಾಪಸ್ ಕೇಳುವ ಗ್ರಾಹಕರೂ ಇದ್ದಾರೆ. ಆದ್ದರಿಂದ ವಾರಂಟಿಯ ದಿನಗಳೊಂದಿಗೆ ಯಾವುದಕ್ಕೆ ಅದು ಅನ್ವಯಿಸುತ್ತದೆ, ವಿವಾದವನ್ನು ಯಾರು ತೀರ್ಮಾನಿಸುತ್ತಾರೆ, ಹಣ ಯಾರ ಕೈಯಲ್ಲಿದೆ ಎಂಬ ಮೂರೂ ಲೇಬಲ್‌ನ ಬದಿಯಲ್ಲೇ ಕಾಣಬೇಕು.

ಲೇಬಲ್ಲು ವಸ್ತುವಿನಿಂದ ಬೇರ್ಪಡದಂತೆ ನೋಡಿಕೊಳ್ಳುವುದರಲ್ಲಿ ನಮ್ಮ ಚಿನ್ನದ ಹಾಲ್‌ಮಾರ್ಕ್ ಒಳ್ಳೆಯ ಪಾಠ. 2021ರ ಜುಲೈನಿಂದ ಪ್ರತಿ ಒಡವೆಗೂ ಆರು ಅಕ್ಷರ ಮತ್ತು ಅಂಕಿಗಳ ವಿಶಿಷ್ಟ ಸಂಖ್ಯೆ ಬಂತು, 2023ರ ಏಪ್ರಿಲ್ 1ರಿಂದ ಆ ಸಂಖ್ಯೆಯಿಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಗ್ರಾಹಕರು ಅದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಯಾರು, ಎಲ್ಲಿ ಪರೀಕ್ಷಿಸಿದರು ಎಂದು ನೋಡಬಹುದು. ಖಾತೆಯ ಲೇಬಲ್‌ಗೂ ಇಂಥದ್ದೇ ಒಂದು ಇತಿಹಾಸ ಬೇಕು: ಇದೇ ಖಾತೆ ಈ ತಾಣದಲ್ಲಿ ಹಿಂದೆ ಎಷ್ಟು ಬಾರಿ ಮಾರಾಟವಾಗಿದೆ, ಎಷ್ಟು ಬಾರಿ ದೂರು ಬಂದಿದೆ ಎಂಬುದನ್ನು ತಾಣ ಬಲ್ಲದು, ತೋರಿಸಲೂ ಬಲ್ಲದು. ಭಾರತದ ಕಾನೂನಿನಲ್ಲಿ ಇದಕ್ಕೆ ಹೊಂದುವ ನೆಲೆಗಳೂ ಇವೆ. ಸರಕು ಇಂತಿಷ್ಟು ಗುಣಮಟ್ಟದ್ದೆಂದು ಸುಳ್ಳು ಹೇಳುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. 2020ರ ಇ-ಕಾಮರ್ಸ್ ನಿಯಮಗಳು ಮಾರಾಟಗಾರ ತಾನೇ ಗ್ರಾಹಕನ ವೇಷ ತೊಟ್ಟು ವಿಮರ್ಶೆ ಬರೆಯುವುದನ್ನು ನಿಷೇಧಿಸಿವೆ. ಆನ್‌ಲೈನ್ ವಿಮರ್ಶೆಗಳಿಗಾಗಿ 2022ರ ನವೆಂಬರ್‌ನಲ್ಲಿ ಐಎಸ್ 19000 ಎಂಬ ಮಾನದಂಡ ಬಂದಿದೆ, ಅದು ಸ್ವಯಂಪ್ರೇರಿತವಾದದ್ದು. ಜಾಹೀರಾತನ್ನು ಬೇರೆ ವೇಷದಲ್ಲಿ ತೋರಿಸುವುದು, ‘ಇನ್ನು ಒಂದೇ ಉಳಿದಿದೆ’ ಎಂಬ ಸುಳ್ಳು ಅವಸರ ಹುಟ್ಟಿಸುವುದು 2023ರ ನವೆಂಬರ್‌ನ ಮಾರ್ಗಸೂಚಿಗಳಲ್ಲಿ ಹೆಸರಿಸಿದ 13 ವಂಚಕ ವಿನ್ಯಾಸಗಳಲ್ಲಿ ಸೇರಿವೆ. ಆದರೆ ಈ ಬಗೆಯ ತಾಣಗಳು ಬಹುಪಾಲು ಹೊರದೇಶದಿಂದ ನಡೆಯುವಾಗ, ಮೂರು ಸಾವಿರ ರೂಪಾಯಿಗೆ ಆ ಹುಬ್ಬಳ್ಳಿಯ ಹುಡುಗ ಯಾವ ಬಾಗಿಲು ತಟ್ಟಿಯಾನು?

ಅವನ ಎದುರಿನ ಪಟ್ಟಿಗೆ ಮರಳಿ ಬರೋಣ. ಅದರಲ್ಲಿ ‘ಫುಲ್ ಆಕ್ಸೆಸ್’ ಎಂಬುದನ್ನು ಬರೆದವನು ಮಾರಾಟಗಾರ. ‘ವೆರಿಫೈಡ್’ ಎಂಬುದರ ಮೇಲೆ ಒತ್ತಿದರೆ ಫೋನ್ ಸಂಖ್ಯೆ ದೃಢಪಟ್ಟಿದೆ ಎಂಬುದಷ್ಟೇ ತಿಳಿಯುತ್ತದೆ. ಖಾತೆಯ ಪರೀಕ್ಷೆ ನಡೆದು ಹನ್ನೊಂದು ದಿನವಾಗಿದೆ. ವಾರಂಟಿ ಮುಗಿಯುವುದು ನಾಳೆ ಇದೇ ಹೊತ್ತಿಗೆ. ಇಷ್ಟನ್ನು ಅವನು ಲೇಬಲ್‌ಗಳಿಂದಲೇ ಓದಿಕೊಳ್ಳಬಹುದು. ಆಟದ ಕಂಪನಿ ಈ ಖಾತೆಯನ್ನು ಯಾವ ದಿನ ಬೇಕಾದರೂ ಮುಚ್ಚಬಹುದು, ಆಗ ತನ್ನದೆಂದು ಹೇಳಿಕೊಳ್ಳಲು ತನ್ನ ಬಳಿ ಏನೂ ಇರುವುದಿಲ್ಲ ಎಂಬ ಸಂಗತಿಗೆ ಆ ಪುಟದಲ್ಲಿ ಯಾವ ಬಣ್ಣದ ಲೇಬಲ್ಲೂ ಇಲ್ಲ, ಅದು ಸೇವಾ ನಿಯಮಗಳ ಒಳಪುಟದಲ್ಲಿದೆ.